ಬಾಡಿಗೆ ಮನೆ: ಕೊಳ್ಳುವ ಮೊದಲು ಕೂಡಿ ಕಳೆಯಿರಿ



ಉಳಿತಾಯದ ಹಣವನ್ನು ಏನು ಮಾಡಬೇಕು ಎಂಬ ಮಾತು ಬಂದಾಗಲೆಲ್ಲ ನಮ್ಮಲ್ಲಿ ಹೆಚ್ಚಿನವರು ಕೊಡುವ ಉತ್ತರ ಒಂದೇ: ‘ಒಂದು ಮನೆ ತಗೊಂಡು ಬಾಡಿಗೆಗೆ ಬಿಡಿ.’ ತೆರೆಯ ಮೇಲೆ ಈ ವಿಷಯ ಕುರಿತು ಮಾತನಾಡುವಾಗ ಲೆಕ್ಕ ಬರೆದುಕೊಳ್ಳಲು ಬಿಡುವು ಸಿಗುವುದಿಲ್ಲ. ಸಂಖ್ಯೆಗಳು ಕಿವಿಯ ಮೇಲೆ ಬಿದ್ದು ಹಾಗೆಯೇ ಹೋಗಿಬಿಡುತ್ತವೆ. ಆದ್ದರಿಂದ ಈ ಪುಟಗಳನ್ನು ಓದುವಾಗ ಒಂದು ಕಾಗದ, ಒಂದು ಪೆನ್ಸಿಲ್ ಕೈಯಲ್ಲಿಟ್ಟುಕೊಳ್ಳಿ ಎಂದು ವಿನಂತಿ.

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಊರು ರಾಗಿಗುಡ್ಡ. ಬೆಂಗಳೂರಿನ ಜಯನಗರದ ಪಕ್ಕದ ರಾಗಿಗುಡ್ಡವಲ್ಲ, ಶಿವಮೊಗ್ಗದ ರಾಗಿಗುಡ್ಡ. ಮನೆಯ ಯಜಮಾನರು ಪ್ರೌಢಶಾಲೆಯ ಮೇಷ್ಟ್ರು, ವಯಸ್ಸು ಮೂವತ್ತೆಂಟು. ಅವರ ಪತ್ನಿ ಖಾಸಗಿ ಆಸ್ಪತ್ರೆಯಲ್ಲಿ ದಾದಿ. ತಂದೆ ಕಟ್ಟಿಸಿದ ಒಂದಂತಸ್ತಿನ ತಾರಸಿ ಮನೆಯಲ್ಲಿ ವಾಸ. ಹತ್ತು ಹನ್ನೆರಡು ವರ್ಷ ಕೂಡಿಸಿದ್ದು ಹನ್ನೆರಡೂವರೆ ಲಕ್ಷ ರೂಪಾಯಿ. ಸಂಜೆ ತರಕಾರಿಗೆಂದು ಹೊರಟಾಗ ಎರಡು ಕ್ರಾಸ್ ಆಚೆ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ಕಾಣುತ್ತದೆ. ಕೆಳಗೊಂದು, ಮೇಲೊಂದು ಮನೆ. ಬೆಲೆ ನಲವತ್ತು ಲಕ್ಷ. ದಲ್ಲಾಳಿ ಹೇಳುತ್ತಾರೆ: ‘ಯೋಚನೆ ಯಾಕೆ ಸಾರ್, ಬ್ಯಾಂಕಲ್ಲಿ ಸಾಲ ಸಿಗುತ್ತೆ. ಬಾಡಿಗೆ ದುಡ್ಡಲ್ಲೇ ಕಂತು ಕಟ್ಕೊಂಡು ಹೋಗ್ಬೋದು.’

ಈ ಒಂದು ಮಾತು ನಿಜವೋ ಸುಳ್ಳೋ ಎಂಬುದರ ಮೇಲೆ ಈ ಕುಟುಂಬದ ಮುಂದಿನ ಇಪ್ಪತ್ತು ವರ್ಷ ನಿಂತಿದೆ. ಮಾತು ಸುಳ್ಳಾದರೆ ಮಕ್ಕಳ ಕಾಲೇಜಿನ ಶುಲ್ಕ, ತಾಯಿಯ ಔಷಧಿ, ಮನೆಯಾಕೆಯ ಒಡವೆ ಇವೆಲ್ಲ ಕಂತಿನ ಬಾಯಿಗೆ ಬೀಳುತ್ತವೆ. ಆದ್ದರಿಂದ ಅದನ್ನು ಒಂದೊಂದು ಹೆಜ್ಜೆಯಾಗಿ ಪರೀಕ್ಷಿಸೋಣ. ಇಲ್ಲಿ ಕೊಟ್ಟಿರುವ ಬೆಲೆ, ಬಾಡಿಗೆಗಳು ಉದಾಹರಣೆಗೆ ಮಾತ್ರ. ನಿಮ್ಮ ಬೀದಿಯ ಅಂಕಿಗಳನ್ನು ನೀವೇ ವಿಚಾರಿಸಿ ಅದೇ ಜಾಗದಲ್ಲಿ ಬರೆದುಕೊಳ್ಳಬೇಕು.

ಮನೆಗಿಂತ ಮೊದಲು ಬಾಡಿಗೆದಾರನನ್ನು ನೋಡಿ

ವಾಸಕ್ಕೆ ಮನೆ ಕೊಳ್ಳುವಾಗ ನಮಗೆ ಇಷ್ಟವಾಯಿತೇ ಎಂದು ನೋಡುತ್ತೇವೆ. ಬಾಡಿಗೆಗೆಂದು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಬೇರೆ: ಇಲ್ಲಿ ಯಾರು ಬಾಡಿಗೆಗೆ ಬರುತ್ತಾರೆ, ಯಾಕೆ ಬರುತ್ತಾರೆ, ಎಷ್ಟು ಕಾಲ ಬರುತ್ತಿರುತ್ತಾರೆ?

ಇದಕ್ಕೆ ಪಾಠ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬಿ.ಎಚ್. ರಸ್ತೆಯಲ್ಲಿ ಅರ್ಧ ಗಂಟೆ ಹೋದರೆ ಭದ್ರಾವತಿ ಸಿಗುತ್ತದೆ. 1918ರಲ್ಲಿ ಸ್ಥಾಪನೆಯಾದ ಮೈಸೂರು ಕಬ್ಬಿಣದ ಕಾರ್ಖಾನೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ, ಮತ್ತು 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಈ ಎರಡರ ಸಂಬಳದಿಂದ ಬೆಳೆದ ಊರು ಅದು. ನ್ಯೂಟೌನ್, ಕಾಗದನಗರ ಎಂಬ ಹೆಸರುಗಳೇ ಆ ಕಥೆ ಹೇಳುತ್ತವೆ. ಕಾಗದ ಕಾರ್ಖಾನೆ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದೊಂದಿಗೆ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದು, ಕಾರ್ಮಿಕರು ಬೀದಿಗಿಳಿದ ಮೇಲೆ ಅದೇ ವರ್ಷ ಸೀಮಿತ ಪ್ರಮಾಣದಲ್ಲಿ ಕೆಲಸ ಮುಂದುವರಿಯಿತು. ಒಂದೇ ಕಾರ್ಖಾನೆಯ ನೌಕರರನ್ನು ನಂಬಿ ಮನೆ ಕಟ್ಟಿಸಿದ ಮಾಲೀಕನಿಗೆ, ಆ ಗೇಟು ಮುಚ್ಚಿದ ದಿನ ಬಾಡಿಗೆದಾರನೂ ಇಲ್ಲ, ಮನೆ ಮಾರೋಣವೆಂದರೆ ಕೊಳ್ಳುವವನೂ ಇಲ್ಲ. ಎರಡೂ ಒಟ್ಟಿಗೆ ಕೈಕೊಡುತ್ತವೆ ಎಂಬುದನ್ನು ನೆನಪಿಡಬೇಕು.

ಶಿವಮೊಗ್ಗದಲ್ಲಿ ಬಾಡಿಗೆದಾರರು ಹಲವು ಕಡೆಯಿಂದ ಬರುತ್ತಾರೆ. ವರ್ಗವಾಗಿ ಬರುವ ಸರ್ಕಾರಿ ಮತ್ತು ಬ್ಯಾಂಕ್ ನೌಕರರು, ಮೆಗ್ಗಾನ್ ಆಸ್ಪತ್ರೆ ಹಾಗೂ ವೈದ್ಯಕೀಯ ಕಾಲೇಜಿನವರು, ನವುಲೆಯ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಮಿಕರು. ಇಎಸ್‌ಐ ಆಸ್ಪತ್ರೆಗೆ ಜಾಗವಾದ ರಾಗಿಗುಡ್ಡದಂತಹ ಬಡಾವಣೆಯಲ್ಲಿ ‘ಆಸ್ಪತ್ರೆ ಬಂತು, ಇನ್ನು ಬಾಡಿಗೆ ಏರುತ್ತದೆ’ ಎನ್ನುವ ಮಾತು ಸಹಜ. 2023ರ ಫೆಬ್ರುವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದಾಗಲೂ ಇಂಥದೇ ಮಾತು ಕೇಳಿಬಂತು. ಮುಂದೆ ಬರುವುದನ್ನು ನೆಚ್ಚಿ ಇಂದಿನ ಬೆಲೆ ಕೊಡಬೇಡಿ. ಇಂದು ಆ ಬೀದಿಯಲ್ಲಿ ಎಷ್ಟು ‘ಬಾಡಿಗೆಗಿದೆ’ ಬೋರ್ಡುಗಳಿವೆ, ಎಷ್ಟು ತಿಂಗಳಿಂದ ತೂಗುತ್ತಿವೆ ಎಂಬುದನ್ನು ನೋಡಿ. ಮೂಲೆಯ ಕಿರಾಣಿ ಅಂಗಡಿಯವರಿಗೆ ಅದು ದಲ್ಲಾಳಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನೊಂದು ಮಾತು. ಮಲೆನಾಡಿನ ಬಾಗಿಲಲ್ಲಿರುವ ಊರು ನಮ್ಮದು. ಸಾಧ್ಯವಾದರೆ ಮನೆಯನ್ನು ಜುಲೈ ತಿಂಗಳಲ್ಲಿ ನೋಡಿ. ಬೇಸಿಗೆಯಲ್ಲಿ ಹೊಸದಾಗಿ ಸುಣ್ಣಬಣ್ಣ ಕಂಡ ಗೋಡೆ ಮಳೆಗಾಲದಲ್ಲಿ ತನ್ನ ನಿಜ ಹೇಳುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಆ ವರ್ಷ ಈ ಬೀದಿಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಕ್ಕಪಕ್ಕದವರನ್ನು ಕೇಳಿ.

ನಲವತ್ತು ಲಕ್ಷದ ಮನೆಗೆ ನಲವತ್ತು ಲಕ್ಷ ಸಾಲದು

ಈಗ ಕಾಗದ ತೆಗೆದುಕೊಳ್ಳಿ. ಮನೆಯ ಬೆಲೆ 40,00,000 ರೂಪಾಯಿ. ಕರ್ನಾಟಕದಲ್ಲಿ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರ ಪ್ರದೇಶದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಯಿತು. ಎರಡೂ ಸೇರಿ ಶೇ. 7.6, ಅಂದರೆ 3,04,000 ರೂಪಾಯಿ. ಸರ್ಕಾರದ ಮಾರ್ಗಸೂಚಿ ಬೆಲೆ ನೀವು ಕೊಡುವ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕವನ್ನು ಆ ಹೆಚ್ಚಿನ ಬೆಲೆಯ ಮೇಲೆ ಕಟ್ಟಬೇಕಾಗುತ್ತದೆ.

ಸಣ್ಣಪುಟ್ಟ ರಿಪೇರಿ, ಬಣ್ಣ, ಮೋಟಾರು, ನಲ್ಲಿ ಎಂದು ಒಂದು ಲಕ್ಷ ಇಟ್ಟುಕೊಳ್ಳಿ. ವಕೀಲರು, ಬ್ಯಾಂಕಿನ ಶುಲ್ಕ, ದಲ್ಲಾಳಿಯ ಕಮಿಷನ್ ಎಂದು 46,000 ಇಡೋಣ. ಒಟ್ಟು 44,50,000. ನಿಮ್ಮ ಹೂಡಿಕೆ ಇದು, ನಲವತ್ತಲ್ಲ. ಮುಂದಿನ ಲೆಕ್ಕವೆಲ್ಲ ಈ ಮೊತ್ತದ ಮೇಲೆ ನಡೆಯಬೇಕು.

ಬಾಡಿಗೆ ಬಂದದ್ದೆಲ್ಲ ಉಳಿಯುವುದಿಲ್ಲ

ಎರಡು ಮನೆಗೆ ತಲಾ 7,500 ರಂತೆ ತಿಂಗಳಿಗೆ 15,000, ವರ್ಷಕ್ಕೆ 1,80,000 ರೂಪಾಯಿ ಬಾಡಿಗೆ ಎನ್ನೋಣ. ದಲ್ಲಾಳಿ ಹೇಳುವ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ನಮ್ಮದು ನಿಲ್ಲಬಾರದು.

ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಮನೆ ಖಾಲಿ ಬಿದ್ದಿರುತ್ತದೆ. ವರ್ಷಕ್ಕೆ ಒಂದು ತಿಂಗಳ ಬಾಡಿಗೆಯನ್ನಾದರೂ ಇದಕ್ಕೆ ಕಳೆಯಿರಿ: 15,000. ಮಹಾನಗರ ಪಾಲಿಕೆಯ ಆಸ್ತಿ ತೆರಿಗೆ 8,000 ಎನ್ನೋಣ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಉಂಟು, ಮರೆಯಬೇಡಿ. ದುರಸ್ತಿಗೆ 15,000. ಮೆಟ್ಟಿಲ ದೀಪ, ನೀರಿನ ಮೋಟಾರು, ವಿಮೆ ಇತ್ಯಾದಿಗೆ 6,000. ಒಟ್ಟು 44,000 ಕಳೆದರೆ ಉಳಿಯುವುದು 1,36,000.

ಇದನ್ನು 44,50,000ರಿಂದ ಭಾಗಿಸಿ. ನೂರಕ್ಕೆ ಸುಮಾರು ಮೂರು ರೂಪಾಯಿ. ಅಂಚೆ ಕಚೇರಿಯ ಠೇವಣಿ ಇದಕ್ಕಿಂತ ಹೆಚ್ಚು ಕೊಡುತ್ತದೆ, ಅದಕ್ಕೆ ಸುಣ್ಣ ಬಳಿಯುವ ಖರ್ಚೂ ಇಲ್ಲ. ಹಾಗಾದರೆ ಜನ ಮನೆ ಯಾಕೆ ಕೊಳ್ಳುತ್ತಾರೆ? ಜಾಗದ ಬೆಲೆ ಏರುತ್ತದೆಂಬ ನಂಬಿಕೆಯಿಂದ, ಮತ್ತು ಬಾಡಿಗೆ ವರ್ಷ ವರ್ಷ ಹೆಚ್ಚುತ್ತದೆಂಬ ಕಾರಣದಿಂದ. ಎರಡೂ ನಿಜವಾಗಬಹುದು. ಆದರೆ ಜಾಗದ ಬೆಲೆ ಏರಿದ ಲಾಭ ಮಾರಿದ ದಿನ ಮಾತ್ರ ಕೈಗೆ ಬರುತ್ತದೆ. ಬ್ಯಾಂಕಿನ ಕಂತು ಪ್ರತಿ ತಿಂಗಳೂ ಬಾಗಿಲು ತಟ್ಟುತ್ತದೆ.

ಲಕ್ಷಕ್ಕೆ ಒಂಬೈನೂರು

ಬ್ಯಾಂಕುಗಳು ಎಷ್ಟು ಸಾಲ ಕೊಡಬಹುದೆಂಬುದಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಇದೆ. 30 ಲಕ್ಷದವರೆಗಿನ ಗೃಹಸಾಲವಾದರೆ ಆಸ್ತಿಯ ಮೌಲ್ಯದ ಶೇ. 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇ. 80ರವರೆಗೆ, ಅದರಾಚೆ ಶೇ. 75ರವರೆಗೆ. ಇದು ಗರಿಷ್ಠ ಮಿತಿ. ನಿಮ್ಮ ಸಂಬಳ, ವಯಸ್ಸು, ಇತರ ಸಾಲಗಳನ್ನು ನೋಡಿ ಬ್ಯಾಂಕು ಕಡಿಮೆಯನ್ನೂ ಕೊಡಬಹುದು. ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಸಾಮಾನ್ಯವಾಗಿ ಈ ಮೌಲ್ಯಕ್ಕೆ ಸೇರಿಸುವುದಿಲ್ಲ. ಅದು ನಿಮ್ಮ ಕೈಯಿಂದಲೇ ಹೋಗಬೇಕು.

ನಮ್ಮ ಮೇಷ್ಟ್ರಿಗೆ 40 ಲಕ್ಷದ ಶೇ. 80, ಅಂದರೆ 32 ಲಕ್ಷ ಸಾಲ ಸಿಕ್ಕಿತು ಎನ್ನೋಣ. ಉಳಿದ ಹನ್ನೆರಡೂವರೆ ಲಕ್ಷ ಅವರ ಪೂರ್ತಿ ಉಳಿತಾಯ. ಬ್ಯಾಂಕ್ ಪುಸ್ತಕದಲ್ಲಿ ಇನ್ನೇನೂ ಉಳಿಯಲಿಲ್ಲ. ಇದನ್ನು ಇಲ್ಲೇ ಗುರುತು ಹಾಕಿಕೊಳ್ಳಿ.

ಶೇ. 9ರ ಬಡ್ಡಿ, 20 ವರ್ಷದ ಅವಧಿ ಎಂದಾದರೆ ಪ್ರತಿ ಲಕ್ಷ ಸಾಲಕ್ಕೆ ತಿಂಗಳ ಕಂತು ಸುಮಾರು 900 ರೂಪಾಯಿ. ಈ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳಿ. 32 ಲಕ್ಷಕ್ಕೆ ತಿಂಗಳಿಗೆ 28,800. ವರ್ಷಕ್ಕೆ 3,45,600. ಮೊದಲ ತಿಂಗಳ ಕಂತಿನಲ್ಲಿ 24,000 ಬಡ್ಡಿಗೇ ಹೋಗಿ, ಅಸಲಿಗೆ ಸೇರುವುದು ಬರೀ 4,800. ಇಪ್ಪತ್ತು ವರ್ಷದಲ್ಲಿ ಕಟ್ಟಿದ್ದು ಒಟ್ಟು 69 ಲಕ್ಷಕ್ಕೂ ಮೇಲು.

ಈಗ ದಲ್ಲಾಳಿಯ ಮಾತನ್ನು ತೂಗೋಣ. ಬಾಡಿಗೆಯಲ್ಲಿ ಉಳಿದದ್ದು 1,36,000. ಕಂತು 3,45,600. ಕೊರತೆ ವರ್ಷಕ್ಕೆ 2,09,600. ತಿಂಗಳಿಗೆ ಹದಿನೇಳು ಸಾವಿರದ ಐನೂರರ ಹತ್ತಿರ ಸಂಬಳದಿಂದ ಹೋಗಬೇಕು. ಬಾಡಿಗೆ ದುಡ್ಡಲ್ಲೇ ಕಂತು ಎಂಬುದು ಸುಳ್ಳಾಯಿತು.

ಬಾಡಿಗೆ ಏರುತ್ತದಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉಳಿಯುವ ಬಾಡಿಗೆ ವರ್ಷಕ್ಕೆ ಶೇ. 5ರಂತೆ ತಪ್ಪದೆ ಏರಿದರೂ ಅದು ಕಂತನ್ನು ಮುಟ್ಟಲು ಸುಮಾರು 19 ವರ್ಷ ಬೇಕು. ಸಾಲ ತೀರುವುದೇ ಇಪ್ಪತ್ತನೆಯ ವರ್ಷಕ್ಕೆ. ಅಂದರೆ ಸಾಲದ ಅವಧಿ ಪೂರ್ತಿ ಈ ಮನೆಯನ್ನು ಸಾಕುವುದು ಬಾಡಿಗೆದಾರನಲ್ಲ, ಮೇಷ್ಟ್ರ ಸಂಬಳ.

ಹಾಗಾದರೆ ಒಂದು ಮನೆ ತನ್ನ ಕಾಲ ಮೇಲೆ ತಾನು ನಿಂತು ಎಷ್ಟು ಸಾಲ ಹೊರಬಲ್ಲದು? ಸುಲಭದ ಸೂತ್ರ ಇದು: ಖರ್ಚು ಕಳೆದು ತಿಂಗಳಿಗೆ ಉಳಿಯುವ ಬಾಡಿಗೆಯನ್ನು 900ರಿಂದ ಭಾಗಿಸಿ. ಬರುವ ಉತ್ತರ ಲಕ್ಷಗಳಲ್ಲಿ. ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ ಉಳಿಯುವುದು 11,333. ಭಾಗಿಸಿದರೆ ಹನ್ನೆರಡೂವರೆ ಲಕ್ಷ. ಅದಕ್ಕಿಂತ ಹೆಚ್ಚಿನ ಪ್ರತಿ ಲಕ್ಷ ಸಾಲಕ್ಕೂ ತಿಂಗಳಿಗೆ 900 ರೂಪಾಯಿ ನಿಮ್ಮ ಜೇಬಿನಿಂದ ಹೋಗುತ್ತದೆ.

ಬಡ್ಡಿ ಒಂದೇ ಕಡೆ ನಿಲ್ಲುವುದಿಲ್ಲ

2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳನ್ನು ರೆಪೊ ದರದಂತಹ ಹೊರಗಿನ ಮಾನದಂಡಕ್ಕೆ ಜೋಡಿಸಲಾಗಿದೆ. ದರ ಇಳಿದಾಗ ಲಾಭ, ಏರಿದಾಗ ಹೊರೆ. ಶೇ. 9 ಇದ್ದದ್ದು ಶೇ. 10 ಆದರೆ ಲಕ್ಷಕ್ಕೆ 900ರ ಜಾಗದಲ್ಲಿ 965. 32 ಲಕ್ಷಕ್ಕೆ ತಿಂಗಳಿಗೆ 2,080 ಹೆಚ್ಚು. ಅನೇಕ ಬಾರಿ ಕಂತು ಹೆಚ್ಚದೆ ಸಾಲದ ವರ್ಷಗಳು ಹೆಚ್ಚುತ್ತವೆ. ಸಾಲಗಾರನಿಗೆ ಅದು ತಿಳಿಯುವುದೇ ಇಲ್ಲ. ಬಡ್ಡಿ ಬದಲಾದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ ಎಂದು ಆರಿಸಿಕೊಳ್ಳುವ ಅವಕಾಶ ಕೊಡಬೇಕೆಂದು 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿತು. ಬ್ಯಾಂಕಿಗೆ ಹೋಗಿ ಕೇಳಿ, ಅದು ನಿಮ್ಮ ಹಕ್ಕು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ ಎಂಬುದನ್ನೂ ತಿಳಿದಿರಿ.

ಭೋಗ್ಯದ ಹಣ ಸಾಲವೇ, ಆದಾಯವಲ್ಲ

ನಮ್ಮ ಕಡೆ ಮನೆಗೆ ಹಣ ಹೊಂದಿಸುವ ಇನ್ನೊಂದು ದಾರಿ ಭೋಗ್ಯ. ಬಾಡಿಗೆದಾರ ಒಟ್ಟಿಗೆ ಕೆಲವು ಲಕ್ಷ ಕೊಡುತ್ತಾನೆ, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುತ್ತಾನೆ, ಬಿಡುವಾಗ ಪೂರ್ತಿ ಹಣ ವಾಪಸು ಪಡೆಯುತ್ತಾನೆ. ‘ಮೇಲಿನ ಮನೆ ಭೋಗ್ಯಕ್ಕೆ ಹಾಕಿ ಆ ದುಡ್ಡು ಮುಂಗಡಕ್ಕೆ ಕೊಡಿ’ ಎಂಬ ಸಲಹೆ ಮೇಷ್ಟ್ರಿಗೂ ಬಂದೀತು.

ಇದರಲ್ಲಿ ಎರಡು ಅಪಾಯಗಳಿವೆ. ಭೋಗ್ಯದ ಹಣವನ್ನು ಗೋಡೆಗೆ ಹಾಕಿಬಿಟ್ಟರೆ ಮೂರು ವರ್ಷದ ನಂತರ ಹಿಂದಿರುಗಿಸಲು ಇನ್ನೊಬ್ಬ ಭೋಗ್ಯದಾರ ಸಿಗಲೇಬೇಕು. ಆ ತಿಂಗಳು ಯಾರೂ ಸಿಗದಿದ್ದರೆ ಒಡವೆ ಅಡವಿಡಬೇಕು, ಇಲ್ಲವೇ ಕೈಸಾಲಕ್ಕೆ ಹೋಗಬೇಕು. ಎರಡನೆಯದು, ಮನೆ ಬ್ಯಾಂಕಿಗೆ ಅಡಮಾನವಾಗಿದ್ದರೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಭೋಗ್ಯಕ್ಕೆ ಕೊಡುವುದು ಸಾಲದ ಕರಾರಿಗೆ ವಿರುದ್ಧವಾಗಬಹುದು. ಕಂತು ತಪ್ಪಿ ಬ್ಯಾಂಕು ಮನೆ ವಶಪಡಿಸಿಕೊಂಡರೆ ಭೋಗ್ಯದ ಕುಟುಂಬ ತನ್ನ ಹಣಕ್ಕಾಗಿ ಕೋರ್ಟು ಸುತ್ತಬೇಕು. ನಿಮ್ಮ ಲೆಕ್ಕದ ತಪ್ಪಿಗೆ ಇನ್ನೊಂದು ಸಂಸಾರ ಬೀದಿಗೆ ಬರಬಾರದು. ಭೋಗ್ಯ ಪಡೆದರೆ ಆ ಮೊತ್ತದ ದೊಡ್ಡ ಪಾಲನ್ನು ಠೇವಣಿಯಲ್ಲಿಡಿ, ಪತ್ರವನ್ನು ನೋಂದಣಿ ಮಾಡಿಸಿ.

ಚೀಟಿ ಎತ್ತಿ ಮುಂಗಡ ಕೊಡುವವರೂ ಇದ್ದಾರೆ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಯೇ ಎಂದು ಮೊದಲು ನೋಡಿ. ಚೀಟಿಯ ಕಂತೂ ಒಂದು ಸಾಲದ ಕಂತೇ. ಅದನ್ನೂ ಕೊರತೆಯ ಪಟ್ಟಿಗೆ ಸೇರಿಸಿ ಕೂಡಿ.

ಕಾಗದಪತ್ರ: ಬೆಲೆ ಮಾತಾಡುವ ಮೊದಲು

ಎಷ್ಟೇ ಒಳ್ಳೆಯ ಲೆಕ್ಕವಿದ್ದರೂ ಪತ್ರ ಸರಿಯಿಲ್ಲದಿದ್ದರೆ ಎಲ್ಲವೂ ನೀರಿನಲ್ಲಿ ಹೋಮ ಮಾಡಿದಂತೆ. ಮುಂಗಡ ಕೊಡುವ ಮೊದಲು ಇವುಗಳನ್ನು ಕೇಳಿ:

ಮೂಲ ಕ್ರಯಪತ್ರಗಳು ಮತ್ತು 30 ವರ್ಷದ ಋಣಭಾರ ಪ್ರಮಾಣಪತ್ರ. ಈ ಆಸ್ತಿಯ ಮೇಲೆ ನೋಂದಾಯಿತ ಅಡಮಾನ, ಮಾರಾಟ, ವಿಭಾಗ ಏನೇನು ನಡೆದಿದೆ ಎಂಬುದು ಇದರಿಂದ ತಿಳಿಯುತ್ತದೆ.

ಇ-ಖಾತಾ. 2024ರ ಅಕ್ಟೋಬರ್‌ನಿಂದೀಚೆಗೆ ನಗರ ಪ್ರದೇಶದ ಆಸ್ತಿಗಳ ನೋಂದಣಿಗೆ ಇದು ಅಗತ್ಯ. ಖಾತೆ ‘ಎ’ಯೋ ‘ಬಿ’ಯೋ ಎಂದು ನೋಡಿ. ‘ಬಿ’ ಖಾತೆಯ ಆಸ್ತಿಗೆ ಅನೇಕ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ. ನಗರದ ಅಂಚಿನಲ್ಲಿ ಜಾಗ ಗ್ರಾಮ ಪಂಚಾಯಿತಿಗೆ ಸೇರಿದ್ದರೆ ನಮೂನೆ 9 ಮತ್ತು 11 ಕೇಳಿ.

ಭೂಪರಿವರ್ತನೆಯ ಆದೇಶ ಮತ್ತು ಬಡಾವಣೆಯ ಅನುಮೋದನೆ. ಇಲ್ಲಿ ಅದನ್ನು ಕೊಡುವುದು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ. ಮನೆ ಕಟ್ಟಲು ಪಡೆದ ಪರವಾನಗಿಯಲ್ಲಿ ಎಷ್ಟು ಅಂತಸ್ತು ಇದೆ, ನೆಲದ ಮೇಲೆ ಎಷ್ಟು ಅಂತಸ್ತು ಎದ್ದಿದೆ ಎಂಬುದನ್ನು ಹೋಲಿಸಿ ನೋಡಿ.

ಜಾಗ ಸರ್ಕಾರದಿಂದ ಮಂಜೂರಾದದ್ದೇ ಎಂಬ ವಿವರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಡಿ ಆ ಮಾರಾಟ ಊರ್ಜಿತವಾಗುವುದಿಲ್ಲ. ಆಶ್ರಯ ನಿವೇಶನಗಳ ಹಕ್ಕುಪತ್ರದಲ್ಲೂ ಪರಭಾರೆಗೆ ನಿರ್ಬಂಧದ ಷರತ್ತು ಇರುತ್ತದೆ.

ಕೊನೆಯದಾಗಿ ವಂಶವೃಕ್ಷ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಎಂಬುದನ್ನು 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ‘ತಂಗಿಯರು ಏನೂ ಕೇಳಲ್ಲ’ ಎಂಬ ಮಾತು ಸಾಲದು. ಅವರ ಸಹಿ ಬೇಕು.

ತೆರಿಗೆಯ ಲಾಭ ಎಷ್ಟು?

ಬಾಡಿಗೆ ಆದಾಯದಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು, ಉಳಿದದ್ದರಲ್ಲಿ ಶೇ. 30ನ್ನು ದುರಸ್ತಿ ಇತ್ಯಾದಿಗೆಂದು ಬಿಡಲಾಗುತ್ತದೆ. ನೀವು ನಿಜವಾಗಿ ಎಷ್ಟು ಖರ್ಚು ಮಾಡಿದಿರಿ ಎಂಬ ರಸೀದಿ ಬೇಕಿಲ್ಲ. ಆಮೇಲೆ ಸಾಲದ ಬಡ್ಡಿಯನ್ನು ಕಳೆಯಬಹುದು. ನಮ್ಮ ಉದಾಹರಣೆಯಲ್ಲಿ ಕೈಗೆ ಬಂದ ಬಾಡಿಗೆ 1,65,000. ತೆರಿಗೆ 8,000 ಹೋಗಿ 1,57,000. ಅದರ ಶೇ. 30 ಕಳೆದರೆ 1,09,900. ಮೊದಲ ವರ್ಷದ ಬಡ್ಡಿ ಸುಮಾರು 2,85,500. ಆದ್ದರಿಂದ ಬಾಡಿಗೆಯ ಮೇಲೆ ತೆರಿಗೆ ಬೀಳುವುದಿಲ್ಲ, ಲೆಕ್ಕದಲ್ಲಿ ನಷ್ಟ ಕಾಣುತ್ತದೆ.

ಹಳೆಯ ತೆರಿಗೆ ಪದ್ಧತಿಯಲ್ಲಿ ಈ ನಷ್ಟವನ್ನು ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಹಾಗೆ ಕಳೆಯಲು ಬರುವುದಿಲ್ಲ. ನೀವು ಹೊಸ ಪದ್ಧತಿಯಲ್ಲಿದ್ದರೆ ‘ತೆರಿಗೆ ಉಳಿಯುತ್ತದೆ’ ಎಂಬ ಆಸೆಯನ್ನು ಲೆಕ್ಕದಿಂದ ಹೊಡೆದುಹಾಕಿ.

ತಲೆಯ ಮೇಲೊಂದು ಮನೆ

ಇಷ್ಟೆಲ್ಲ ಓದಿ ಬಾಡಿಗೆ ಮನೆಯೇ ಬೇಡ ಎನ್ನಬೇಕಿಲ್ಲ. ಮೇಷ್ಟ್ರ ಬಳಿ ಇನ್ನೊಂದು ದಾರಿ ಇದೆ, ಅದು ಅವರ ತಲೆಯ ಮೇಲೆಯೇ ಇದೆ: ತಂದೆ ಕಟ್ಟಿಸಿದ ತಾರಸಿ. ಮೊದಲ ಬಾಡಿಗೆ ಮನೆಗೆ ಜಾಗ ಕೊಳ್ಳುವ ಖರ್ಚು, ಮುದ್ರಾಂಕ ಶುಲ್ಕ ಎರಡೂ ಇಲ್ಲಿಲ್ಲ.

ಆರು ಚದರ, ಅಂದರೆ 600 ಚದರಡಿಯ ಮನೆ ಎನ್ನೋಣ. ಚದರಡಿಗೆ 1,800ರಂತೆ 10,80,000. ಹೊರಗಿನಿಂದ ಪ್ರತ್ಯೇಕ ಮೆಟ್ಟಿಲು, ನೀರಿನ ಟ್ಯಾಂಕು, ಪ್ರತ್ಯೇಕ ವಿದ್ಯುತ್ ಮೀಟರಿಗೆ 1,20,000. ಒಟ್ಟು 12 ಲಕ್ಷ. ಬಾಡಿಗೆ ತಿಂಗಳಿಗೆ 7,000, ವರ್ಷಕ್ಕೆ 84,000. ಒಂದು ತಿಂಗಳು ಖಾಲಿ 7,000, ಹೆಚ್ಚುವರಿ ಆಸ್ತಿ ತೆರಿಗೆ 3,000, ದುರಸ್ತಿ 8,000 ಕಳೆದರೆ 66,000. ನೂರಕ್ಕೆ ಐದೂವರೆ. ಕೊಂಡ ಮನೆಯಲ್ಲಿ ಬಂದದ್ದು ಮೂರು.

ಸೂತ್ರ ಹಾಕಿ ನೋಡಿ. ತಿಂಗಳಿಗೆ ಉಳಿಯುವುದು 5,500. ಅದನ್ನು 900ರಿಂದ ಭಾಗಿಸಿದರೆ ಆರು ಲಕ್ಷಕ್ಕೆ ತುಸು ಹೆಚ್ಚು. ಆರು ಲಕ್ಷ ಸಾಲ, ಆರು ಲಕ್ಷ ಸ್ವಂತದ್ದು ಹಾಕಿದರೆ ಕಂತು 5,400. ಇಲ್ಲಿ ದಲ್ಲಾಳಿಯ ಮಾತು ನಿಜವಾಗುತ್ತದೆ: ಬಾಡಿಗೆ ದುಡ್ಡಲ್ಲೇ ಕಂತು. ಅದಕ್ಕಿಂತ ಮುಖ್ಯವಾಗಿ ಆರೂವರೆ ಲಕ್ಷ ಬ್ಯಾಂಕಿನಲ್ಲಿ ಹಾಗೆಯೇ ಉಳಿಯುತ್ತದೆ. ಮೊದಲು ಗುರುತು ಹಾಕಿಕೊಳ್ಳಲು ಹೇಳಿದ್ದು ಇದಕ್ಕೇ.

ಇದಕ್ಕೂ ಷರತ್ತುಗಳಿವೆ. ಹಳೆಯ ಅಡಿಪಾಯ ಮತ್ತು ಗೋಡೆ ಇನ್ನೊಂದು ಅಂತಸ್ತು ಹೊರಬಲ್ಲವೇ ಎಂದು ಇಂಜಿನಿಯರಿಂದ ಪರೀಕ್ಷೆ ಮಾಡಿಸಿ. ಮೇಸ್ತ್ರಿಯ ಭರವಸೆ ಸಾಲದು. ಪಾಲಿಕೆಯ ಪರವಾನಗಿ ಪಡೆಯಿರಿ, ಅದಿಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ. ಮೇಲಿನ ಮನೆಯನ್ನು ಬೇರೆಯಾಗಿ ಮಾರಲು ಸುಲಭವಲ್ಲ, ಬಾಡಿಗೆದಾರ ದಿನಾ ನಿಮ್ಮ ತಲೆಯ ಮೇಲೆ ಓಡಾಡುತ್ತಾನೆ, ಹೊಸ ಜಾಗವೂ ನಿಮ್ಮ ಹೆಸರಿಗೆ ಬರುವುದಿಲ್ಲ. ಇವನ್ನು ಒಪ್ಪಿಕೊಂಡೇ ಕಟ್ಟಬೇಕು. ಮೆಸ್ಕಾಂನಿಂದ ಪ್ರತ್ಯೇಕ ಮೀಟರು ಹಾಕಿಸಿ. ಬಿಲ್ಲಿನ ಜಗಳ ತಪ್ಪುತ್ತದೆ, 2023ರಲ್ಲಿ ಆರಂಭವಾದ ಗೃಹಜ್ಯೋತಿಯಂತಹ ಯೋಜನೆಗಳಿಗೆ ಬಾಡಿಗೆದಾರ ತನ್ನದೇ ಮೀಟರಿನ ಮೇಲೆ ಅರ್ಜಿ ಹಾಕಲೂ ಅನುಕೂಲವಾಗುತ್ತದೆ.

ಬಾಡಿಗೆ ಕರಾರು

ಬಾಡಿಗೆ ಕರಾರು 11 ತಿಂಗಳಿಗೆ ಯಾಕೆ ಎಂಬ ಪ್ರಶ್ನೆ ಅನೇಕರದು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅದನ್ನು ತಪ್ಪಿಸಲು ಹನ್ನೊಂದು ತಿಂಗಳು. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಆದರೆ ಊರಿಗೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಅಂಥವಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಇದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆ ಬಿಡಿಸಲು ಅಥವಾ ಬಿಡಲು 15 ದಿನದ ನೋಟಿಸು ಕೊಡಬೇಕು. ಆದ್ದರಿಂದ ಬಾಡಿಗೆ, ಅಡ್ವಾನ್ಸ್, ವರ್ಷಕ್ಕೆ ಎಷ್ಟು ಏರಿಕೆ, ನೋಟಿಸಿನ ಅವಧಿ, ಬಿಡುವಾಗ ಬಣ್ಣದ ಖರ್ಚು ಯಾರದು ಇವೆಲ್ಲ ಕರಾರಿನಲ್ಲಿ ಬರೆದಿರಲಿ. ಬಾಡಿಗೆದಾರನಿಗೆ ರಸೀದಿ ಕೊಡಿ. ಅಡ್ವಾನ್ಸ್ ಹಣ ಅವನದು, ನಿಮ್ಮ ಬಳಿ ಇಟ್ಟಿರುವುದು ಅಷ್ಟೇ.

ಸಹಿ ಹಾಕುವ ಮೊದಲು ಐದು ಪ್ರಶ್ನೆ

ಒಂದು, ಎಲ್ಲ ಶುಲ್ಕ ಸೇರಿ ಒಟ್ಟು ಹೂಡಿಕೆ ಎಷ್ಟು? ಎರಡು, ಹನ್ನೊಂದೇ ತಿಂಗಳ ಬಾಡಿಗೆ ಬಂದು ಖರ್ಚು ಕಳೆದರೆ ಉಳಿಯುವುದೆಷ್ಟು? ಮೂರು, ಬಡ್ಡಿ ಶೇ. 1 ಏರಿದರೆ ಕಂತು ಕಟ್ಟಬಲ್ಲಿರಾ? ನಾಲ್ಕು, ಮನೆ ಆರು ತಿಂಗಳು ಖಾಲಿ ಬಿದ್ದರೆ, ಆ ಆರು ತಿಂಗಳ ಕಂತಿಗೆ ಬೇಕಾದ ಹಣ ಇಂದೇ ಬ್ಯಾಂಕಿನಲ್ಲಿದೆಯೇ? ಐದು, ಇಬ್ಬರಲ್ಲಿ ಒಬ್ಬರ ಸಂಬಳ ನಿಂತರೆ?

ಐದಕ್ಕೂ ನೆಮ್ಮದಿಯ ಉತ್ತರ ಸಿಕ್ಕರೆ ಧೈರ್ಯವಾಗಿ ಮುಂದುವರಿಯಿರಿ. ಒಂದಕ್ಕೆ ತಡವರಿಸಿದರೂ ಇನ್ನೊಂದೆರಡು ವರ್ಷ ಕಾಯಿರಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದು ಹೆದರಿಸುವುದಕ್ಕಲ್ಲ, ಖರ್ಚು ಎಣಿಕೆಯನ್ನು ಮೀರುತ್ತದೆ ಎಂದು ಎಚ್ಚರಿಸುವುದಕ್ಕೆ. ಕಾಗದದ ಮೇಲೆ ಇಂದು ಎಣಿಸಿ ನೋಡಿ. ಬೋರ್ಡು ಕಂಡ ಸಂಜೆಯೇ ಮುಂಗಡ ಕೊಡಬೇಡಿ. ಒಂದು ವಾರ ಬಿಟ್ಟು, ಗಂಡ ಹೆಂಡತಿ ಇಬ್ಬರೂ ಕುಳಿತು ಇದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿ. ಆಗಲೂ ಉತ್ತರ ಅದೇ ಬಂದರೆ ಬ್ಯಾಂಕಿನ ಕಡೆ ಹೊರಡಿ.